ಕುರ್ಚಿ ಏರಿದ ಬಿಗೋನಿಯಾ

ಆ ಬೀದಿಯ ಕಟಿಂಗ್ ಅಂಗಡಿಗೆ ಬಂದವರು ಕನ್ನಡಿಗಿಂತ ಮೊದಲು ಕಿಟಕಿ ನೋಡುತ್ತಿದ್ದರು. ಅಲ್ಲಿ ಸಾಲಾಗಿ ಬಿಗೋನಿಯಾ ಕುಂಡಗಳು. ಒಂದರ ಎಲೆಗೆ ಯಾರೋ ಕೂತು ಬೆಳ್ಳಿ ಬಣ್ಣ, ನೇರಳೆ ಬಣ್ಣ ಬಳಿದ ಹಾಗೆ; ಅದಕ್ಕೆ ಹೂವಿನ ಹಂಗೇ ಇಲ್ಲ. ಇನ್ನೊಂದು ಗಿಡ್ಡ ಜಾತಿ, ಮೇಣ ಸವರಿದಂಥ ಎಲೆ, ವರ್ಷವಿಡೀ ಕೆಂಪು ಹೂ. ಮತ್ತೊಂದು ಗೆಡ್ಡೆಯದು. ಹೂ ಮುಗಿದ ಮೇಲೆ ಎಲೆಯೆಲ್ಲ ಉದುರಿಸಿ ಮಣ್ಣೊಳಗೆ ಮಲಗಿಬಿಡುತ್ತಿತ್ತು.

"ಸತ್ತಿದೆ, ಎಸೀರಿ" ಎಂದ ಒಬ್ಬ ಗಿರಾಕಿ.

"ನಿದ್ದೆ ಮಾಡ್ತಿದೆ ಸ್ವಾಮಿ. ನೀವೂ ಕುರ್ಚಿ ಮೇಲೆ ಗೊರಕೆ ಹೊಡೀತೀರಿ, ನಾನೇನು ಎಸೀತೀನಾ?" ಎಂದ ಅಂಗಡಿಯವನು.

ಅವನ ಜೀವ ಇದ್ದದ್ದು ಮಾತ್ರ ಮೂಲೆಯ ಎತ್ತರದ ಗಿಡದ ಮೇಲೆ. ಬಿದಿರಿನ ಹಾಗೆ ಗೆಣ್ಣು ಗೆಣ್ಣಾಗಿ ಬೆಳೆಯುವ ಜಾತಿ. ರೆಕ್ಕೆಯಂಥ ಎಲೆ, ಎಲೆ ತುಂಬ ಬಿಳಿ ಚುಕ್ಕೆ. ಅಂಗಡಿ ತೆರೆದ ದಿನ ಅಕ್ಕ ತನ್ನ ಗಿಡದ ತುದಿ ಮುರಿದು ತಂದು ನೆಟ್ಟದ್ದು. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಆ ಅಕ್ಕನೇ. ಊರವರ ತಲೆಗೆಲ್ಲ ಕತ್ತರಿ ಆಡಿಸುವವನಿಗೆ ಆ ಗಿಡವನ್ನು ಕತ್ತರಿಸಲು ಕೈ ಬರುತ್ತಿರಲಿಲ್ಲ. ಅದೋ, ಕೆಳಗೆಲ್ಲ ಬೋಳಾಗಿ ತುದಿಯಲ್ಲಿ ಜುಟ್ಟು ಬಿಟ್ಟುಕೊಂಡು ಸೂರು ಮುಟ್ಟಿತ್ತು.

"ಬೇಸಿಗೆ ಮುಗಿದ ಮೇಲೆ ಬರ್ತೀನಿ ಕಣೋ, ಗಿಡ ನೋಡ್ಬೇಕು" ಅಂತ ಅಕ್ಕನ ಫೋನ್ ಬಂತು. ಅಲ್ಲಿಂದ ಇವನ ಉಪಚಾರ ಹೆಚ್ಚಾಯಿತು. ತಲೆಗೂದಲು ನೆನೆಸುವ ಬಾಟಲಿಯಿಂದಲೇ ಎಲೆಗಳಿಗೆ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದ. ಸ್ವಲ್ಪ ದಿನಕ್ಕೆ ಎಲೆಗಳ ಮೇಲೆ ಬೆಳ್ಳಗೆ ಪುಡಿ ಕಾಣಿಸಿತು. 'ಪೌಡರ್ ಹಾರಿದೆ' ಅಂದುಕೊಂಡು, ಗಿರಾಕಿಗಳ ಕುತ್ತಿಗೆಯ ಕೂದಲು ಕೊಡವುವ ಮೆತ್ತನೆ ಬ್ರಷ್ಷಿನಿಂದ ಒಂದೊಂದೇ ಕುಂಡದ ಎಲೆಗಳನ್ನು ಮುದ್ದು ಮಾಡಿ ಒರೆಸಿದ. ಒರೆಸಿದಷ್ಟೂ ಬಂತು.

ವಾರದ ರಜೆಯ ಮಾರನೇ ಬೆಳಿಗ್ಗೆ ಬಾಗಿಲು ತೆಗೆದರೆ ಮತ್ತೆ ಪುಡಿ. ಕಸ ಗುಡಿಸಲು ಬಂದ ಹೆಂಡತಿ ಪೊರಕೆ ನಿಲ್ಲಿಸಿದಳು.

"ರೀ, ನಿನ್ನೆಯೆಲ್ಲ ಅಂಗಡಿ ಮುಚ್ಚಿತ್ತು. ಪೌಡರ್ ಡಬ್ಬಿ ತಾನಾಗೇ ಎದ್ದು ಓಡಾಡ್ತಾ?"

ಅವನು ಕೈಯಲ್ಲಿದ್ದ ಬ್ರಷ್ ನೋಡಿದ. ಅದು ಬೂಷ್ಟು! ಎಲೆ ನೆನೆಸಿ ಬರಿಸಿಕೊಂಡವನೂ ತಾನೇ, ಕುಂಡದಿಂದ ಕುಂಡಕ್ಕೆ ಹಂಚಿದವನೂ ತಾನೇ.

"ಅಕ್ಕನಿಗೆ ಏನಂತ ಮುಖ ತೋರಿಸ್ಲಿ?"

"ಮುಖ ಆಮೇಲೆ. ಮೊದಲು ಕತ್ತರಿ ತಗೊಳ್ಳಿ."

ಎತ್ತರದ ಗಿಡವನ್ನು ಕುಂಡ ಸಮೇತ ಕುರ್ಚಿಗೇರಿಸಿದ. ಅಭ್ಯಾಸಬಲ ನೋಡಿ, ಬಿಳಿ ಬಟ್ಟೆ ಕೊಡವಿ ಗಿಡದ ಸುತ್ತ ಕಟ್ಟಿಯೂಬಿಟ್ಟ. ಹೆಂಡತಿ ನಕ್ಕು ನಕ್ಕು ನೆಲಕ್ಕೆ ಕೂತಳು.

"ಶೇವಿಂಗೂ ಬೇಕಾ ಕೇಳ್ರೀ!"

"ಸುಮ್ನಿರೇ, ಆ ಕತ್ತರಿ ಕೊಡು."

ಕಣ್ಣು ಮುಚ್ಚಿ ಮೊದಲ ಸಲ ಕತ್ತರಿ ಹಾಕಿದ. ಆಮೇಲೆ ಕೈ ಓಡಿತು. ಬೂಷ್ಟು ಹಿಡಿದದ್ದೆಲ್ಲ ಚೀಲಕ್ಕೆ. ಚೊಕ್ಕವಾಗಿದ್ದ ತುದಿಗಳನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಶೇವಿಂಗ್ ಮಗ್ಗುಗಳಲ್ಲಿ ನೀರು ತುಂಬಿ ಕನ್ನಡಿ ಮುಂದೆ ನಿಲ್ಲಿಸಿದ. ಬಣ್ಣದೆಲೆಯ ಗಿಡದಿಂದ ಒಂದು ಒಳ್ಳೇ ಎಲೆ ಕಿತ್ತು, ಬೆನ್ನಿನ ನರಗಳನ್ನು ಬ್ಲೇಡಿನಿಂದ ಗೀರಿ ಒದ್ದೆ ಮರಳಿನ ಮೇಲೆ ಅಂಗಾತ ಮಲಗಿಸಿದ. ಗೀರಿದಲ್ಲೆಲ್ಲ ಮರಿ ಹುಟ್ಟುತ್ತದೆ. ಕುಂಡಗಳ ನಡುವೆ ಗಾಳಿಗೆ ಜಾಗ ಬಿಟ್ಟ. ಚಿಮುಕಿಸುವ ಬಾಟಲಿ ಇನ್ನು ಮನುಷ್ಯರ ತಲೆಗೆ ಮಾತ್ರ. ಗಿಡಕ್ಕೆ, ಬೆರಳಿಟ್ಟು ನೋಡಿ ಮಣ್ಣು ಒಣಗಿದ್ದರೆ ಬುಡಕ್ಕಷ್ಟೇ ನೀರು.

ಬೇಸಿಗೆ ಮುಗಿಯಿತು, ಅಕ್ಕ ಬಂದಳು. ಕುಂಡದಲ್ಲಿ ಬರೀ ಮೋಟು.

"ಎಲ್ಲೋ ನನ್ನ ಗಿಡ?"

ತಲೆ ತಗ್ಗಿಸಿ ನಡೆದದ್ದೆಲ್ಲ ಹೇಳಿದ. ಅಕ್ಕ ಮಗ್ಗುಗಳೊಳಗೆ ಒಂದೊಂದಾಗಿ ಇಣುಕಿದಳು. ಬೆಳ್ಳನೆ ಬೇರು ಮೂಡಿತ್ತು. ಮೆಲ್ಲಗೆ ತನ್ನ ಚೀಲದಿಂದ ಖಾಲಿ ಕುಂಡ ತೆಗೆದಿಟ್ಟಳು.

"ನನ್ನದು ಕೊಳೆತೇ ಹೋಯ್ತು ಕಣೋ. ನೀರು ಸುರಿದು ಸುರಿದು ನಾನೇ ಕೊಂದೆ. ಒಂದು ತುದಿ ಕೇಳೋಣ ಅಂತ ಬಂದೆ. ನೀನೋ ಅದಕ್ಕೆ ಕತ್ತರಿ ತಾಗಿಸದವನು, ಹೇಗಪ್ಪಾ ಕೇಳೋದು ಅಂತ ದಾರಿಯುದ್ದಕ್ಕೂ ಅದೇ ಯೋಚನೆ."

ಅವನು ಅತಿ ಹೆಚ್ಚು ಬೇರಿದ್ದ ಮಗ್ಗನ್ನೇ ಅವಳ ಕೈಗಿಟ್ಟ. "ಎಲೆ ನೆನೆಸಬೇಡ ಅಕ್ಕ."

"ನಿನ್ನ ಮೂಗು ಒರೆಸಿದವಳು ನಾನು. ನನಗೇ ಪಾಠ!"

ಉಳಿದ ತುದಿಗಳು ಮಣ್ಣು ಸೇರುವ ತನಕ ಶೇವಿಂಗಿಗೆ ಬಂದವರಿಗೆಲ್ಲ ಮನೆಯಿಂದ ತಂದ ಕಾಫಿ ಲೋಟದಲ್ಲೇ ನೊರೆ. ಮನೆಯಲ್ಲಿ ಹೆಂಡತಿ ಮಾತ್ರ ಲೋಟ ಹುಡುಕುತ್ತಲೇ ಇದ್ದಳು.