ಇಲ್ಲದ ಐದನೇ ಚಿತ್ರ

ಗ್ಯಾರೇಜಿನಲ್ಲಿ ಹೊಸ ಸಾಮಾನಿನ ಡಬ್ಬಿ ಒಡೆದರೆ ಮೊದಲು ಕಸದ ಬುಟ್ಟಿಗೆ ಬೀಳುವುದು ಅದರೊಳಗಿನ ಕಾಗದ. ಆ ಬೀದಿಯ ಹನ್ನೊಂದು ಗ್ಯಾರೇಜುಗಳಲ್ಲಿ ಹತ್ತರ ರೂಢಿ ಅದು. ಹನ್ನೊಂದನೆಯದರ ಯಜಮಾನ ಮಾತ್ರ ಆ ಕಾಗದವನ್ನು ಬಿಡಿಸಿ, ಬಾನೆಟ್ಟಿನ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಸ್ಪ್ಯಾನರ್ ಇಟ್ಟು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದುತ್ತಿದ್ದ. ಅಲ್ಲಿಯವರೆಗೆ ಒಂದು ನಟ್ಟನ್ನೂ ಮುಟ್ಟುತ್ತಿರಲಿಲ್ಲ. ಬೀದಿಯವರು ಅವನಿಗೆ ಪಾರಾಯಣ ಮೇಸ್ತ್ರಿ ಅಂತ ಹೆಸರಿಟ್ಟಿದ್ದರು.

"ಎಷ್ಟನೇ ಅಧ್ಯಾಯಕ್ಕೆ ಬಂತು ಮೇಸ್ತ್ರಿ?" ಎಂದು ಎದುರಿನ ಟೈರ್ ಅಂಗಡಿಯವನು ದಿನಾ ಕೂಗುತ್ತಿದ್ದ.

"ನಿನ್ನಂಥ ದಡ್ಡರ ಅಧ್ಯಾಯಕ್ಕೆ," ಎಂದು ಇವನೂ ದಿನಾ ಉತ್ತರಿಸುತ್ತಿದ್ದ.

ಈ ಓದಿನ ಚಟ ಸುಮ್ಮನೆ ಹತ್ತಿದ್ದಲ್ಲ. ಇಪ್ಪತ್ತೆರಡರ ಹರೆಯದಲ್ಲಿ ಮೇಸ್ತ್ರಿಯೂ ಎಲ್ಲರಂತೆ ಕಾಗದ ಬಿಸಾಕಿ, ರೇಡಿಯೇಟರ್ ಫ್ಯಾನೊಂದನ್ನು ತಿರುಗುಮುರುಗಾಗಿ ಕೂಡಿಸಿದ್ದ. ಗಿರಾಕಿಯ ಎಂಜಿನ್ ದಾರಿಯಲ್ಲೇ ಕುದಿದು ಕೆಟ್ಟಿತು. ಅವನ ಗುರು ಬಯ್ಯಲಿಲ್ಲ, ಹೊಡೆಯಲಿಲ್ಲ. ಕಸದ ಬುಟ್ಟಿಯನ್ನು ಅವನ ಮುಂದೆ ಬೋರಲು ಹಾಕಿ, "ಹುಡುಕು. ಸಿಕ್ಕಿದ್ಮೇಲೆ ಓದು, ನನಗೆ ಕೇಳೋ ಹಾಗೆ," ಎಂದರು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ. ಆಮೇಲೆ ಮೂವತ್ತು ವರ್ಷ ಅವನು ಓದಿದ್ದೆಲ್ಲ ಇಂಥ ಕಾಗದಗಳನ್ನೇ. ಅಚ್ಚಾದ ಮಾತಿನ ಹಿಂದೆ ತನಗಿಂತ ತಿಳಿದ ಯಾರೋ ಒಬ್ಬರು ಕೂತು ಯೋಚಿಸಿರುತ್ತಾರೆ ಎಂಬುದು ಅವನ ಗಟ್ಟಿ ನಂಬಿಕೆ. ಬಡಪಾಯಿ!

ಅವನಿಗೊಬ್ಬಳು ತಂಗಿ. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕತ್ತರಿ ಹಿಡಿಯುವವಳು. ಅವಳು ಗೆರೆ ಎಳೆದು ಕತ್ತರಿಸಿಕೊಟ್ಟದ್ದನ್ನು ನಲವತ್ತು ಮಂದಿ ಹೊಲಿಯುತ್ತಿದ್ದರು. ಒಂಬತ್ತು ವರ್ಷದ ಹಿಂದೆ ಬಂದ ಜ್ವರವೊಂದು ಹೋಗುವಾಗ ಅವಳ ಕಾಲುಗಳ ಬಲವನ್ನೂ ಜತೆಗೆ ಕರೆದುಕೊಂಡು ಹೋಯಿತು. ಕೈ ಮಾತ್ರ ಮೊದಲಿನಷ್ಟೇ ಚುರುಕು. ಗಾಲಿಕುರ್ಚಿಯಲ್ಲಿ ಕೂತೇ ಕೆಲಸ ಉಳಿಸಿಕೊಂಡಳು. ಅಲ್ಲಿಗೆ ಹೋಗಿಬರುವುದೇ ತೊಂದರೆ. ಒಂಬತ್ತು ವರ್ಷ, ಪ್ರತಿ ಬೆಳಿಗ್ಗೆ ಅದೇ ಮಾತು: "ಅಣ್ಣಾ, ನನ್ನ ಬಿಡೋಕೆ ಇವತ್ತು ಯಾರಿದ್ದೀರಿ?" ಅಣ್ಣ ಬಿಡುತ್ತಿದ್ದ, ಇಲ್ಲವೇ ಅತ್ತಿಗೆ. ಯಾರೂ ಒಂದು ದಿನವೂ ಮುಖ ಗಂಟಿಕ್ಕಿದವರಲ್ಲ. ಆದರೂ ಆ ಮಾತನ್ನು ಕೇಳಬೇಕಾಗುವುದು ಅವಳಿಗೆ ಬೇಡವಾಗಿತ್ತು. ಹಲ್ಲುಜ್ಜಿದ ಮೇಲೆ ದಿನವೂ ಭಿಕ್ಷೆ ಬೇಡಿದ ಹಾಗೆ ಅನಿಸುತ್ತದೆ ಎಂದು ಒಮ್ಮೆ ಅತ್ತಿಗೆಯ ಹತ್ತಿರ ಹೇಳಿಕೊಂಡಿದ್ದಳು.

ಮೇಸ್ತ್ರಿಯ ಕಿವಿಗೆ ಅದು ಬಿತ್ತು. ತಾನೇ ಗೇರು ಬದಲಿಸಿಕೊಳ್ಳುವ ಹಳೆಯ ಕಾರೊಂದನ್ನು ಹುಡುಕಿ ತಂದು ರಿಪೇರಿ ಮಾಡಿದ. ಕೈಯಿಂದಲೇ ಓಡಿಸುವ ಸಾಮಾನಿನ ಡಬ್ಬಿಯನ್ನೂ ತರಿಸಿದ. ಸ್ಟಿಯರಿಂಗಿನ ಪಕ್ಕಕ್ಕೆ ಒಂದು ಹಿಡಿ. ತನ್ನ ಕಡೆ ಎಳೆದುಕೊಂಡರೆ ಕಾರು ಓಡಬೇಕು, ಮುಂದಕ್ಕೆ ತಳ್ಳಿದರೆ ನಿಲ್ಲಬೇಕು. ಹಿಡಿಯಿಂದ ಪೆಡಲುಗಳಿಗೆ ಎರಡು ಸರಳು, ಎಲ್ಲವನ್ನೂ ಹಿಡಿದಿಡಲು ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ. ಬೋಲ್ಟು ಆರು: ನಾಲ್ಕು ಗಿಡ್ಡ, ಎರಡು ಉದ್ದ.

ಎಂದಿನಂತೆ ಕಾಗದ ಹರಡಿ ಓದಿದ. "ಉದ್ದ ಬೋಲ್ಟ್‌ಗಳನ್ನು ಮೇಲಿನ ಪಟ್ಟಿಗೆ ಹಾಕಿ. ಐದನೇ ಚಿತ್ರ ನೋಡಿ." ನೋಡಲು ಹೋದರೆ ಐದನೇ ಚಿತ್ರವೇ ಇಲ್ಲ. ನಾಲ್ಕಾದ ಮೇಲೆ ಆರು. ಮೇಲಿನ ಪಟ್ಟಿಯನ್ನು ಬೆರಳಲ್ಲಿ ಹಿಡಿದು ನೋಡಿದ: ತೆಳು ತಗಡು. ಇದಕ್ಕೆ ಇಷ್ಟುದ್ದದ ಬೋಲ್ಟು ಯಾಕೆ ಎಂದು ಕೈ ಕೇಳಿತು. ಮೂವತ್ತು ವರ್ಷ ಕಬ್ಬಿಣದ ಜತೆ ಮಾತಾಡಿದ ಕೈ ಅದು. ಬೇರೆ ಯಾವ ಗ್ಯಾರೇಜಿನವನಾದರೂ ಕೈ ಹೇಳಿದ್ದನ್ನೇ ಕೇಳುತ್ತಿದ್ದ. ಪಾರಾಯಣ ಮೇಸ್ತ್ರಿ ಕಾಗದ ಹೇಳಿದ್ದನ್ನು ಕೇಳಿದ. ಕೂಡಿಸಿ, ಹಿಡಿಯನ್ನು ಹತ್ತು ಸಲ ಮೆಲ್ಲಗೆ ಎಳೆದು ನೋಡಿದ. ನುಣ್ಣಗೆ ಬಂತು. ಪೂರ್ತಿ ಎಳೆದು ನೋಡಿ ಎಂದು ಕಾಗದದಲ್ಲಿ ಬರೆದಿರಲಿಲ್ಲ.

ಗ್ಯಾರೇಜಿನ ಹಿಂದಿನ ಖಾಲಿ ಜಾಗದಲ್ಲಿ ತಂಗಿಯನ್ನು ಕೂರಿಸಿ, ಪಕ್ಕದಲ್ಲಿ ತಾನು ಕೂತ. ಒಂದು ಸುತ್ತು ಮೆಲ್ಲಗೆ ಹೋದಳು. ಎರಡನೇ ಸುತ್ತಿಗೆ ಮುಖ ಅರಳಿತು. ಮೂರನೆಯದಕ್ಕೆ, ಒಂಬತ್ತು ವರ್ಷದ ಮೇಲೆ ತನ್ನ ಮಾತು ಕೇಳಿ ಏನೋ ಒಂದು ಓಡುತ್ತಿದೆ ಎಂಬ ಖುಷಿಗೆ, ಹಿಡಿಯನ್ನು ಎದೆಯವರೆಗೂ ಎಳೆದುಕೊಂಡಳು.

ಹಿಡಿ ಅಲ್ಲೇ ಕಚ್ಚಿಕೊಂಡಿತು.

"ಅಣ್ಣಾ, ಬರ್ತಿಲ್ಲ! ಇದು ವಾಪಸ್ ಬರ್ತಿಲ್ಲ!"

ಮೇಸ್ತ್ರಿ ಹ್ಯಾಂಡ್‌ಬ್ರೇಕ್ ಜಗ್ಗಿ ಕೀಲಿ ತಿರುಗಿಸುವಷ್ಟರಲ್ಲಿ ಕಾರು ಹಳೆ ಟೈರುಗಳ ರಾಶಿಗೆ ನುಗ್ಗಿಯಾಗಿತ್ತು. ಟೈರಿದ್ದದ್ದು ಪುಣ್ಯ. ಗೋಡೆ ಅಲ್ಲಿಂದ ಎರಡೇ ಮಾರು. ಪೆಟ್ಟೇನೂ ಆಗಲಿಲ್ಲ. ತಂಗಿ ಹಿಡಿಯಿಂದ ಕೈ ತೆಗೆದಳು.

"ನನ್ನ ಇಳಿಸು," ಎಂದಳು. ಅಷ್ಟೇ. ಮರುದಿನ ಬೆಳಿಗ್ಗೆ ಮತ್ತೆ ಅದೇ ಮಾತು, ಇನ್ನೂ ಸಣ್ಣ ದನಿಯಲ್ಲಿ: "ಅಣ್ಣಾ, ಇವತ್ತು ಯಾರಿದ್ದೀರಿ?"

ಮೇಲಿನ ಪಟ್ಟಿಯಿಂದ ಅರ್ಧ ಬೆರಳು ಆಚೆ ಚಾಚಿದ್ದ ಬೋಲ್ಟಿನ ತುದಿ ಸರಳನ್ನು ಹಿಡಿದು ನಿಲ್ಲಿಸಿತ್ತು. ತುದಿ ಉಜ್ಜಿ ಹೊಳೆಯುತ್ತಿತ್ತು. ಅದನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಮೇಸ್ತ್ರಿ ಕಂಪನಿಗೆ ಫೋನ್ ಮಾಡಿದ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬಾಕೆ ಸಿಕ್ಕಳು.

"ಸರ್, ಐದನೇ ಚಿತ್ರ ನೋಡಿ, ಅದ್ರಲ್ಲಿ ಎಲ್ಲಾ ಸ್ಪಷ್ಟವಾಗಿದೆ."

"ಐದನೇ ಚಿತ್ರ ಇಲ್ಲಮ್ಮ. ನಾಲ್ಕಾದ್ಮೇಲೆ ಆರಿದೆ."

ಕಾಗದ ಮಗುಚುವ ಸದ್ದು. "ಹೌದಲ್ವಾ! ನಮ್ಮ ಹತ್ರ ಇರೋದ್ರಲ್ಲೂ ಇಲ್ಲ. ಹಾಗಾದ್ರೆ ಆರನೇದನ್ನೇ ನೋಡ್ಕೊಳ್ಳಿ ಸರ್."

"ಆರರಲ್ಲಿ ಒಬ್ಬ ಮನುಷ್ಯ ಸ್ಟಿಯರಿಂಗ್ ಹಿಡ್ಕೊಂಡು ನಗ್ತಿದ್ದಾನೆ."

"ಅದೇ ಸರ್. ಕೆಲಸ ಮುಗಿದ್ಮೇಲೆ ಹಾಗೇ ಇರುತ್ತೆ."

ಮೇಸ್ತ್ರಿ ಹಲ್ಲು ಕಚ್ಚಿ ಬೋಲ್ಟಿನ ಕತೆ ಹೇಳಿದ. ಆಕೆ ಯಾರನ್ನೋ ಕೇಳಿ ಬಂದಳು. "ಸರ್, ಆ ಕಾಗದ ಹಳೇ ಮಾದರಿದು. ಹೊಸದ್ರಲ್ಲಿ ಪಟ್ಟಿ ಬದಲಾಗಿದೆ. ಉದ್ದದ್ದು ಕೆಳಗೆ ಬರುತ್ತೆ. ಆದ್ರೆ ಕಾಗದದ ಕೊನೇಲಿ ಸಣ್ಣಕ್ಷರದಲ್ಲಿ ಬರೆದಿದ್ದೀವಿ, ನೋಡಿಲ್ವಾ?"

ನೋಡಿದ್ದ. ಇರುವೆಯ ಕಾಲಿನಷ್ಟು ಸಣ್ಣ ಅಕ್ಷರ: ಚಿತ್ರಗಳು ಮಾದರಿಗಾಗಿ ಮಾತ್ರ. ನಿಜವಾದ ವಸ್ತು ಬೇರೆಯಾಗಿರಬಹುದು. ನುರಿತವರಿಂದಲೇ ಜೋಡಿಸಿಕೊಳ್ಳಿ. ತಪ್ಪು ಜೋಡಣೆಗೆ ಕಂಪನಿ ಹೊಣೆಯಲ್ಲ.

ಈ ನಾಲ್ಕು ವಾಕ್ಯಗಳನ್ನು ಇನ್ನೊಂದು ಸಲ ಓದಿ ನೋಡಿ. ಪಟ್ಟಿ ಬದಲಿಸಲು ಅವರಿಗೆ ಪುರುಸೊತ್ತಿತ್ತು, ಡಬ್ಬಿಯ ಬಣ್ಣ ಬದಲಿಸಲು ಪುರುಸೊತ್ತಿತ್ತು. ಒಂದು ಸಾಲು ಬದಲಿಸಲು ಇರಲಿಲ್ಲ. ಹೊಣೆಯಲ್ಲ ಎಂದು ಬರೆಯಲು ಮಾತ್ರ ಜಾಗವೂ ಇತ್ತು, ಶಾಯಿಯೂ ಇತ್ತು, ತಪ್ಪಿಲ್ಲದ ಕಾಗುಣಿತವೂ ಇತ್ತು. ಇಡೀ ಕಾಗದದಲ್ಲಿ ಯಾರೋ ಕೂತು ಯೋಚಿಸಿ ಬರೆದದ್ದು ಇದ್ದರೆ ಆ ಮಾತೊಂದೇ. ಕಾಲಿಲ್ಲದವರು, ಕಾಲಿನ ಬಲ ಕಳೆದುಕೊಂಡವರು, ಇಂಥವರಿಗೇ ಮಾರುವ ಸಾಮಾನು ಅದು. ತಪ್ಪಿದರೆ ಹಾರಿ ತಪ್ಪಿಸಿಕೊಳ್ಳಲಾರದವರಿಗೆ! ನುರಿತವನೇ ಕೂಡಿಸಿದ್ದ. ನುರಿತವನಾದ್ದರಿಂದಲೇ ಓದಿ ಕೂಡಿಸಿದ್ದ.

ಮೇಸ್ತ್ರಿ ಬೋಲ್ಟುಗಳನ್ನು ಅದಲುಬದಲು ಮಾಡಿ, ಹಿಡಿಯನ್ನು ನೂರು ಸಲ ಪೂರ್ತಿ ಎಳೆದು, "ಈಗ ಸರಿ ಇದೆ, ಬಾರೇ," ಎಂದ.

"ಆವತ್ತೂ ನೀನು ಸರಿ ಇದೆ ಅಂತಾನೇ ಹೇಳಿದ್ದೆ," ಎಂದಳು ತಂಗಿ.

ಎರಡು ವಾರ ಕಾರು ಹೊದಿಕೆಯಡಿ ನಿಂತಿತ್ತು. ಮೂರನೇ ಶನಿವಾರ ಕಾರ್ಖಾನೆಯಿಂದ ಕರೆತರುವಾಗ ಅವಳೇ ಮಾತು ತೆಗೆದಳು.

"ಅಣ್ಣಾ, ನಾನು ಕತ್ತರಿಸಿದ ತೋಳಿಗೆ ಗುರುತು ಹಾಕದೆ ಕಳಿಸಿದ್ರೆ ಹೊಲಿಯೋರು ನನ್ನ ಸುಮ್ನೆ ಬಿಡ್ತಾರಾ? ಎಡಗಡೆ ಯಾವುದು, ಯಾವ ತುದಿ ಯಾವುದಕ್ಕೆ ಸೇರಬೇಕು, ಎಲ್ಲಾ ಗುರುತು ಹಾಕ್ತೀನಿ. ಒಂದು ಅಂಗಿ ಅದು. ಕೆಟ್ರೆ ಬಿಚ್ಚಿ ಹೊಲೀಬಹುದು. ಅಂಥದಕ್ಕೇ ಅಷ್ಟು ಮಾಡ್ತೀವಿ."

"ನಾನೇನು ಮಾಡ್ಲಿ ಹೇಳು."

"ನೀನು ಬರಿ. ಆ ಕಾಗದ ಹೇಗಿರಬೇಕಿತ್ತೋ ಹಾಗೆ ಬರಿ. ಗೊತ್ತಿಲ್ಲದವರು ಓದಿ ಕೂಡಿಸಲಿ. ಆಗ ಹತ್ತುತ್ತೀನಿ."

ಭಾನುವಾರ ಬೆಳಿಗ್ಗೆ ಮೇಸ್ತ್ರಿ ಎಲ್ಲ ಬಿಚ್ಚಿಟ್ಟು ಒಂದು ಹಾಳೆ ಬರೆದ. ತಂಗಿ ಟೈರ್ ಅಂಗಡಿಯವನನ್ನು ಕರೆಸಿದಳು. ಜನ್ಮದಲ್ಲಿ ಒಂದು ಕಾಗದ ಓದದ ಆಸಾಮಿ. ಇದಕ್ಕೆ ಅವನೇ ತಕ್ಕವನು. ಅವನು ಸ್ಟಿಯರಿಂಗಿನ ಕೆಳಗೆ ಅಂಗಾತ ಮಲಗಿದ. ಬರೆದದ್ದನ್ನು ಬಿಟ್ಟು ಏನನ್ನೂ ಮಾಡಕೂಡದು, ಬರೆದದ್ದನ್ನು ಬಿಡಕೂಡದು ಎಂಬುದು ತಂಗಿಯ ಕಟ್ಟಪ್ಪಣೆ.

"'ಬೋಲ್ಟನ್ನು ಸರಿಯಾಗಿ ಬಿಗಿ ಮಾಡಿ,'" ಎಂದು ಅವನು ಓದಿದ. "ಸರಿಯಾಗಿ ಅಂದ್ರೆ ಎಷ್ಟು ಮೇಸ್ತ್ರಿ?"

"ಅಯ್ಯೋ, ಸರಿಯಾಗಿ ಅಂದ್ರೆ ಸರಿಯಾಗಿ ಕಣೋ!"

"ಕಂಪನಿಯವರ ಹಾಗೇ ಮಾತಾಡ್ತಿದ್ದೀಯ ಅಣ್ಣಾ," ಎಂದಳು ತಂಗಿ.

ಆ ಮಾತು ಚುರುಕ್ ಎಂದಿತು. ಹೊಡೆದುಹಾಕಿ ಬರೆದ: ಕೈಯಲ್ಲಿ ತಿರುಗುವಷ್ಟು ತಿರುಗಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು.

"'ಹಿಂದೆ ಬೆರಳಿಟ್ಟು ನೋಡಿ.' ಯಾವುದರ ಹಿಂದೆ? ನನ್ನ ಹಿಂದೇನಾ?"

"ಪಟ್ಟಿ ಹಿಂದೆ ಕಣೋ, ಕತ್ತೆ!"

"ಹಾಗಂತ ಬರೀರಿ. ಕತ್ತೆ ಅನ್ನೋದು ಬೇಡ."

ತಂಗಿ ಬಿದ್ದು ಬಿದ್ದು ನಕ್ಕಳು. ಮಧ್ಯಾಹ್ನದ ಹೊತ್ತಿಗೆ ಆರು ಹಾಳೆ ಹರಿದಾಗಿತ್ತು. ಉದ್ದ ಬೋಲ್ಟಿಗೆ ಕೆಂಪು ಬಣ್ಣ, ಅದು ಹೋಗುವ ತೂತಿಗೂ ಕೆಂಪು ಬಣ್ಣ. ಆ ಉಪಾಯ ಅವಳದು. ಐದನೇ ಚಿತ್ರವನ್ನೂ ಅವಳೇ ಬರೆದಳು, ಬಟ್ಟೆಗೆ ಸೀಮೆಸುಣ್ಣದ ಗೆರೆ ಎಳೆದು ಪಳಗಿದ ಕೈಯಲ್ಲಿ. ಕೊನೆಯ ಸಾಲು: ಎಂಜಿನ್ ಆರಿಸಿಕೊಂಡೇ ಹಿಡಿಯನ್ನು ಎದೆಯವರೆಗೆ ಎಳೆದು ಬಿಡಿ, ಇಪ್ಪತ್ತು ಸಲ. ಒಂದು ಸಲ ಕಚ್ಚಿಕೊಂಡರೂ ಓಡಿಸಬೇಡಿ.

ಸಂಜೆ ಐದಕ್ಕೆ ಟೈರ್ ಅಂಗಡಿಯವನು, ಯಾರ ಸಹಾಯವೂ ಇಲ್ಲದೆ, ಏಳನೇ ಹಾಳೆ ಓದಿ ಎಲ್ಲವನ್ನೂ ಕೂಡಿಸಿದ. ಇಪ್ಪತ್ತು ಸಲ ಎಳೆದ. ಇಪ್ಪತ್ತು ಸಲವೂ ಹಿಡಿ ತಾನಾಗಿ ಮೊದಲಿನ ಜಾಗಕ್ಕೆ ಮರಳಿತು.

ಮೇಸ್ತ್ರಿಗೆ ಸಮಾಧಾನ ಆಗಬೇಕಿತ್ತು. ಸಿಟ್ಟು ನೆತ್ತಿಗೇರಿತು. "ಒಂದು ಭಾನುವಾರ! ಅವರಲ್ಲಿ ಮೂರು ಜನ ಒಂದೇ ಒಂದು ಭಾನುವಾರ ಹೀಗೆ ಕೂತಿದ್ರೆ ಆಗ್ತಿತ್ತು. ಅಷ್ಟೂ ಮಾಡ್ಲಿಲ್ಲ ಆ ಪಾಪಿಗಳು. ನಿನ್ನ ಜೀವಕ್ಕೆ ಒಂದು ಭಾನುವಾರದ ಬೆಲೆಯೂ ಇಲ್ವೇನೇ ಅವರಿಗೆ!"

ತಂಗಿ ಕುರ್ಚಿಯನ್ನು ಕಾರಿನ ಬಾಗಿಲಿಗೆ ಒತ್ತಿ ನಿಲ್ಲಿಸಿ, ತೋಳಿನ ಬಲದಲ್ಲಿ ಸೀಟಿಗೆ ದಾಟಿಕೊಂಡಳು. ಹಿಡಿಯನ್ನು ತಾನೇ ಇಪ್ಪತ್ತು ಸಲ ಎಳೆದಳು, ಬಾಯಲ್ಲಿ ಎಣಿಸುತ್ತ. ಆಮೇಲೆ ಕೀಲಿ ತಿರುಗಿಸಿದಳು. ಆ ಸಂಜೆ ಖಾಲಿ ಜಾಗದಲ್ಲಿ ಮೂವತ್ತು ಸುತ್ತು. ಮುಂದಿನ ಹತ್ತು ದಿನ ಬೀದಿಬೀದಿ, ಪಕ್ಕದಲ್ಲಿ ಅಣ್ಣ. ಹನ್ನೊಂದನೆಯ ದಿನ ಲೈಸೆನ್ಸಿಗೆ ಪರೀಕ್ಷೆ ಮಾಡುವ ಅಧಿಕಾರಿ ಕಾರನ್ನೂ ಅವಳನ್ನೂ ನೋಡಿ ಒಪ್ಪಿಕೊಂಡ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಅಭ್ಯಾಸಬಲದಿಂದ ತಯಾರಾಗಿ ಜಗುಲಿಯಲ್ಲಿ ನಿಂತಿದ್ದ. ಕೈಯಲ್ಲಿ ದಪ್ಪ ಲಕೋಟೆ: ಏಳನೇ ಹಾಳೆಯ ಪ್ರತಿ, ಉಜ್ಜಿದ ಬೋಲ್ಟು, ಮತ್ತು ನಾಲ್ಕಕ್ಕೂ ಆರಕ್ಕೂ ನಡುವೆ ಕೆಂಪಾಗಿ ಸುತ್ತು ಹಾಕಿದ ಕಂಪನಿಯ ಕಾಗದ.

ತಂಗಿ ಕಾರಿನಿಂದ ತಲೆ ಹೊರಹಾಕಿದಳು. "ಅಣ್ಣಾ, ನಿನ್ನ ಎಲ್ಲಿಗಾದ್ರೂ ಬಿಡಬೇಕಾ?"

"ಕೊರಿಯರ್ ಆಫೀಸ್ ತನಕ."

ದಾರಿಯುದ್ದಕ್ಕೂ ಕಂಪನಿಯವರನ್ನು ಬೈದ. ಅವಳು ಹೂಂ ಹೂಂ ಎನ್ನುತ್ತ ಓಡಿಸಿದಳು. ಲಕೋಟೆ ಒಳಗೆ ಕೊಟ್ಟು, ತಲುಪಿದ್ದಕ್ಕೆ ಸಹಿ ಬೇಕು ಎಂದು ಗುಮಾಸ್ತನ ಜತೆ ಜಗಳವಾಡಿ, ರಸೀದಿ ಹಿಡಿದು ಹೊರಗೆ ಬಂದರೆ ಕಾರಿಲ್ಲ. ಅವಳಿಗೆ ಕೆಲಸಕ್ಕೆ ಹೊತ್ತಾಗಿತ್ತು. ಹೋಗಿದ್ದಳು.

ಗ್ಯಾರೇಜು ಅಲ್ಲಿಂದ ಎರಡು ಮೈಲಿ. ಮೇಸ್ತ್ರಿ ನಡೆದೇ ಹೋದ, ಬೈದುಕೊಂಡೇ ಹೋದ. ಕಾರು ತೆಗೆದುಕೊಂಡು ಹೋದವಳನ್ನಲ್ಲ.