ಟಿಸೌಕೆ ಹೊದಿಸಿದ ಸೂರು

ಗಣತಿಯ ಟಿಸೌಕೆ ಯಾರ ಮನೆಗೆ ಹೋದರೂ ಮೊದಲು ತಲೆಯೆತ್ತಿ ಸೂರು ನೋಡುತ್ತಾನೆ, ಆಮೇಲೆ ಮನುಷ್ಯರ ಮುಖ. ಸೂರು ಹುಲ್ಲಿನದೋ ತಗಡಿನದೋ, ದಿನಕ್ಕೆ ಎಷ್ಟು ಹೊತ್ತು ಊಟ, ನೀರು ಎಷ್ಟು ದೂರ ಎಂದು ಕೇಳಿ ಕೇಳಿ ರಾಜಧಾನಿ ಲಿಲೋಂಗ್ವೆಯ ಕಚೇರಿಗೆ ಬರೆದು ಕಳಿಸುವುದು ಅವನ ಕೆಲಸ. ಸಾವಿನ ಮನೆಯಲ್ಲಿ ಅಳುವಾಗಲೂ ಅವನ ಬೆರಳು ಅಂಗಳದ ಮೇಕೆಗಳನ್ನು ಎಣಿಸುತ್ತಿರುತ್ತದೆ. "ಬಂದ ಕಣ್ರೇ, ಕೋಳಿ ಒಳಗೆ ಹಾಕಿ!" ಎಂದು ಹೆಂಗಸರು ನಗುತ್ತಾರೆ. "ಸುಳ್ಳು ಬರೆಸಿದ್ರೆ ಊರಿಗೇ ನಷ್ಟ ಕಣ್ರಮ್ಮಾ, ಇದ್ದದ್ದು ಇದ್ದಂಗೆ ಹೇಳಿ" ಅನ್ನುವುದು ಅವನ ಮಂತ್ರ. ಮದುವೆಯೂಟದಲ್ಲಿ ನ್ಸೀಮಾ ಮುದ್ದೆ ಮುರಿಯುತ್ತ ಪಕ್ಕದವನನ್ನು "ನಿನ್ನೆ ಎಷ್ಟು ಹೊತ್ತು ಉಂಡೆ?" ಎಂದು ಕೇಳಿ ಬೈಸಿಕೊಂಡವನು ಅವನು. ಹೋದ ವರ್ಷ ಅವನ ಅಮ್ಮನ ಊರಿನ ಸರದಿ ಬಂತು. ಅಮ್ಮನದು ಹುಲ್ಲಿನ ಸೂರು. ಅವನು ವರ್ಷಕ್ಕೊಂದರಂತೆ ಕೊಂಡುಕೊಟ್ಟ ನಾಲ್ಕು ತಗಡು ಸೂರಿಗೆ ಸಾಲದೆ ಇನ್ನೂ ಮಂಚದ ಕೆಳಗಿವೆ. ಸಂಬಳದ ಮಗನಿದ್ದೂ ತಾಯಿಗೆ ಹುಲ್ಲಿನ ಸೂರೇ ಎಂದು ಮೇಲಧಿಕಾರಿ ಓದಿಬಿಟ್ಟರೆ? ಟಿಸೌಕೆ ಊರೊಳಗೆ ಕಾಲಿಡಲಿಲ್ಲ. ರಸ್ತೆಬದಿಯ ಮಾವಿನ ಮರದಡಿ ಕೂತೇ ಅಮ್ಮನ ಸೂರು ತಗಡಿನದು ಎಂದು ಬರೆದ. ಅವಳದೊಂದೇ ತಗಡಾದರೆ ಅನುಮಾನ ಬಂದೀತೆಂದು ನೆರೆಯ ಒಂಬತ್ತು ಮನೆಗೂ ಕಾಗದದಲ್ಲೇ ತಗಡು ಹೊದಿಸಿದ. ಊರು ಅನುಕೂಲಸ್ಥರ ಪಟ್ಟಿಗೆ ಸೇರಿ, ಬರಬೇಕಿದ್ದ ಕೊಳವೆಬಾವಿ ಪಕ್ಕದೂರಿನ ಪಾಲಾಯಿತು. ಈಗ ಅಮ್ಮ ಗುಡ್ಡ ದಾಟಿ ಅಲ್ಲಿಂದಲೇ ನೀರು ಹೊತ್ತು ತರುತ್ತಾಳೆ. ಮಗ ಊಟಕ್ಕೆ ಕೂತರೆ ಅವನ ಕೈಗೆ ಆ ನೀರು ಸುರಿಯುತ್ತ, "ಯಾವನೋ ನಮ್ಮೂರಿನ ಬಗ್ಗೆ ಸುಳ್ಳು ಬರೆದವ್ನಂತೆ. ನೀನು ಬಂದು ಬರೆದಿದ್ರೆ ಹಿಂಗಾಗ್ತಿತ್ತಾ ಮಗಾ?" ಅನ್ನುತ್ತಾಳೆ. ಆ ಮನೆಯಲ್ಲಿ ಮಾತ್ರ ಟಿಸೌಕೆ ತಲೆಯೆತ್ತುವುದಿಲ್ಲ.