ಮರಳ ಹಲಗೆಯ ಮೇಲೆ ಎಡಗೈ

ಮಕ್ಕಳಿಗೆ ಅಕ್ಷರ ತಿದ್ದಿಸುವ ಕೆಲಸ ನಮ್ಮ ಮನೆಯ ಪಡಸಾಲೆಯಲ್ಲಿ ನನ್ನ ತಂದೆಯವರ ಕಾಲದಿಂದ ನಡೆದು ಬಂದದ್ದು. ಅಥಣಿ ತಾಲೂಕಿನ ನಮ್ಮ ಊರಲ್ಲಿ ಸರಕಾರಿ ಶಾಲೆ ಇತ್ತು. ಆದರೂ ಮಗುವನ್ನು ಅಲ್ಲಿಗೆ ಸೇರಿಸುವ ಮೊದಲು, ದಸರೆಯ ದಿನ ನಮ್ಮ ಮರಳಿನ ಹಲಗೆಯ ಮುಂದೆ ಒಮ್ಮೆ ಕೂರಿಸಿಕೊಂಡು ಹೋಗಬೇಕೆಂಬುದು ನೆರೆಹೊರೆಯವರ ನಂಬಿಕೆ. ಕೃಷ್ಣೆಯ ದಂಡೆಯಿಂದ ತಂದ ಮರಳನ್ನು ನನ್ನ ಹೆಂಡತಿ ಸಾಣಿಗೆಯಲ್ಲಿ ಸೋಸಿ, ತೊಳೆದು, ಬಿಸಿಲಿಗೆ ಹರವಿ ಒಣಗಿಸಿ ಕೊಡುತ್ತಿದ್ದಳು. ಅಂಚು ಕಟ್ಟಿದ ಬೇವಿನ ಹಲಗೆಯ ಮೇಲೆ ಅದನ್ನು ಸಮಮಾಡಿ, ಮಗುವಿನ ಬಲಗೈಯ ತೋರುಬೆರಳನ್ನು ನನ್ನ ಬಲಗೈಯಲ್ಲಿ ಹಿಡಿದು ಮೊದಲು ‘ಓಂ’ ಬರೆಸುತ್ತಿದ್ದೆ, ಆಮೇಲೆ ‘ಅ’. ಬರೆದದ್ದನ್ನು ಮಗು ತನ್ನ ಅಂಗೈಯಿಂದ ತಾನೇ ಸವರಿ ಅಳಿಸಬೇಕು. ಅಳಿಸಲು ಅಂಜದ ಮಗು ಬರೆಯಲೂ ಅಂಜುವುದಿಲ್ಲವೆಂಬುದು ನಾನು ಕಂಡುಕೊಂಡ ಸಂಗತಿ.

ದ್ರಾಕ್ಷಿ ತೋಟದ ಕೂಲಿಯವರ ಮಕ್ಕಳೂ ಬರುತ್ತಿದ್ದವು. ಕೆಲವರ ಮನೆಮಾತು ಮರಾಠಿ. ಅವು ನನ್ನನ್ನು ‘ಆಜೋಬಾ’, ಅಂದರೆ ಅಜ್ಜ, ಎಂದು ಕರೆಯುತ್ತಲೇ ಕನ್ನಡದ ‘ಅ’ಕಾರವನ್ನು ದುಂಡಗೆ ತಿರುವುತ್ತಿದ್ದವು. ಒಂದೊಂದು ಬೆರಳಿನ ಸ್ವಭಾವ ಒಂದೊಂದು. ಒಂದು ಬಿಗಿದುಕೊಂಡು ಜಗ್ಗುತ್ತದೆ, ಇನ್ನೊಂದು ಹಿಡಿದ ಕೂಡಲೇ ತನ್ನ ಭಾರವನ್ನೆಲ್ಲ ನನ್ನ ಕೈಗೊಪ್ಪಿಸಿ ನಿದ್ದೆಹೋದಂತೆ ಸುಮ್ಮನಾಗುತ್ತದೆ.

ನನ್ನ ಒಬ್ಬನೇ ಮಗನಿಗೂ ಅದೇ ಹಲಗೆಯ ಮೇಲೆ ನಾನೇ ತಿದ್ದಿಸಿದ್ದು. ಅವನು ಮುಂದೆ ಚಾಚಿದ್ದು ಎಡಗೈ. ನಾನು ಅದನ್ನು ಮೆಲ್ಲನೆ ಅವನ ತೊಡೆಯ ಮೇಲಿಟ್ಟು ಬಲಗೈ ಹಿಡಿದೆ. ಅವನು ಮತ್ತೆ ಎಡಗೈ ತಂದ. ನಾನು ಮತ್ತೆ ಇಳಿಸಿದೆ. ಬೈಯಲಿಲ್ಲ, ಹೊಡೆಯಲಿಲ್ಲ. ಅಕ್ಷರವೆಂದರೆ ಸರಸ್ವತಿ, ಅವಳನ್ನು ಬಲಗೈಯಿಂದಲೇ ಕರೆಯಬೇಕೆಂದು ಮಠದ ಪಾಠಶಾಲೆಯಲ್ಲಿ ಗುರುಗಳು ನನಗೆ ಕಲಿಸಿದ್ದರು. ನಾನು ಅದನ್ನು ಮಗನಿಗೆ ಕಲಿಸಿದೆ. ಅವನ ಬಲಗೈ ಮುತ್ತು ಪೋಣಿಸಿದಂತೆ ಬರೆಯಿತು. ಆದರೆ ಬರೆಯುವುದೊಂದನ್ನು ಬಿಟ್ಟು ಹೊರಗಿನ ಕೆಲಸವೆಲ್ಲ ಎಡಗೈಯದೇ ಆಯಿತು. ತೋಟದಲ್ಲಿ ದ್ರಾಕ್ಷಿ ಬಳ್ಳಿ ಸವರುವಾಗ ಕತ್ತರಿ ಎಡಗೈಯಲ್ಲಿ. ಜೊತೆಯ ಆಳುಗಳು ನಗುತ್ತಿದ್ದರು: “ನಿಮ್ಮ ಮಗಾ ಎದುರಿನ ಸಾಲಿನಿಂದ ನಮ್ಮ ಮ್ಯಾಲೆ ಬರ್ತಾನ್ರಿ, ಅಂಜಿಕಿ ಬರತೈತಿ.”

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಮಳೆಗಾಲದಲ್ಲಿ ಅವನಿಗೆ ಕಾಮಾಲೆಯಾಯಿತು. ಮೊದಲು ಗಿಡಮೂಲಿಕೆಯ ಔಷಧ ಕೊಟ್ಟೆವು. ಇಳಿಯದಿದ್ದಾಗ ಮಿರಜಿನ ಆಸ್ಪತ್ರೆಗೆ ಒಯ್ದೆವು. ಅಲ್ಲಿಂದ ಅವನನ್ನು ತಿರುಗಿ ತಂದದ್ದು ಸಮಾಧಿಗೆ. ಶಿವನ ಇಚ್ಛೆ ಎಂದು ಬಂದವರೆಲ್ಲ ಹೇಳಿದರು. ನಾನೂ ಹೇಳಿದೆ. ಅವನ ಮಗಳು ಆಗಿನ್ನೂ ಗೋಡೆ ಹಿಡಿದು ನಿಲ್ಲುವ ಕೂಸು.

ಹಲಗೆ ಅಟ್ಟ ಸೇರಿತು. ಮಕ್ಕಳನ್ನು ಕರೆದುಕೊಂಡು ಬಂದವರಿಗೆ ನನ್ನ ಹೆಂಡತಿ ಬಾಗಿಲಲ್ಲೇ ಏನೋ ಹೇಳಿ ಕಳಿಸುತ್ತಿದ್ದಳು. ವರ್ಷಗಳು ಹಾಗೆ ಸಂದವು. ಮೊಮ್ಮಗಳಿಗೆ ಅಕ್ಷರ ಹೇಳಿಕೊಡುವ ವಯಸ್ಸಾದಾಗ, ದಸರೆಯ ಮುನ್ನಾದಿನ, ಹೆಂಡತಿ ನನ್ನನ್ನು ಕೇಳದೆಯೇ ಹಲಗೆಯನ್ನು ಇಳಿಸಿ ಒರೆಸಿ, ಹೊಸ ಮರಳು ಹರವಿ ಪಡಸಾಲೆಯಲ್ಲಿ ಇಟ್ಟಳು.

“ಊರ ಮಂದಿ ಮಕ್ಕಳ ಕೈಯೆಲ್ಲಾ ತಿದ್ದೀರಿ,” ಎಂದಳು. “ಮನಿ ಕೂಸಿನ ಕೈ ಹಿಡ್ಯಾಕ ಎಷ್ಟ ದಿನಾ ಅಂಜ್ತೀರಿ?”

ಅಷ್ಟರಲ್ಲಿ ಮೊಮ್ಮಗಳೂ ಪಕ್ಕದ ಮನೆಯ ಹುಡುಗಿಯೂ ಹಲಗೆಯ ಮುಂದೆ ಕೂತಾಗಿತ್ತು. ಮೊಮ್ಮಗಳು ಮರಳಿನಲ್ಲಿ ಗೆರೆ ಎಳೆಯತೊಡಗಿದಳು. ಎಡಗೈಯಿಂದ.

“ಅಯ್ಯ, ಎಡಚಿ ನೀ,” ಎಂದಳು ಪಕ್ಕದ ಮನೆಯವಳು.

“ನಮ್ಮಪ್ಪನೂ ಎಡಚ ಇದ್ದಾ,” ಎಂದು ಮೊಮ್ಮಗಳು ತಲೆಯೆತ್ತದೆ ಹೇಳಿದಳು. “ನಿಮ್ಮಪ್ಪ ಎಡಚ ಅದಾನೇನು?”

ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ತಂದೆಯ ಮುಖ ನೆನಪಿಲ್ಲದ ಕೂಸಿಗೆ ಈ ಕೈಯನ್ನು ಯಾರೂ ಕಲಿಸಿರಲಿಲ್ಲ. ನನ್ನ ಹೆಂಡತಿ ಸುಧಾರಿಸಿಕೊಂಡು, “ಆ ಕೈ ಅಲ್ಲವ್ವಾ, ಈ ಕೈ,” ಎಂದು ಬಾಗಿದಾಗ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ಮಾತಾಡಿದಳು. ಮಗ ಹೋದಂದಿನಿಂದ ತಾನಾಗಿ ನನ್ನೆದುರು ಬಾಯಿ ತೆರೆದವಳಲ್ಲ.

“ಮಾವಾರ, ಒಂದ ಮಾತ ಹೇಳ್ಲೇನ್ರಿ?”

“ಹೇಳವ್ವಾ.”

“ಅವರ ಅಂಗಿ ಕೊಟ್ಟಬಿಟ್ವಿ. ಸೈಕಲ್ ಮಾರಿದ್ವಿ. ಇಕಿ ಮಾರಿನೂ ನನ್ನಂಗ ಐತಿ ಅಂತಾರ ನೋಡಿದವ್ರು. ಅವರದು ಅಂತ ಉಳದದ್ದು ಈ ಕೈ ಒಂದ. ಅದನ್ನ ತಿದ್ದಬ್ಯಾಡ್ರಿ.”

“ಹೆಣ್ಣ ಕೂಸವಾ,” ಎಂದಳು ನನ್ನ ಹೆಂಡತಿ. “ನಾಳೆ ಕೊಟ್ಟ ಮನ್ಯಾಗ ಎಡಗೈಲೆ ನೀಡಿದ್ರ ಯಾರ ಉಣ್ತಾರ?”

“ಉಣ್ಣಾಕ, ನೀಡಾಕ ನಾ ಬಲಗೈ ಕಲಸ್ತೀನ್ರಿ ಅತ್ತಿ. ಬರಿಯೂದೊಂದ ಬಿಡ್ರಿ.”

ಇಬ್ಬರೂ ನನ್ನ ಮುಖ ನೋಡಿದರು. “ನಾಳೆ ಪೂಜಿ ಆಗ್ಲಿ, ನೋಡೂಣು,” ಎಂದಷ್ಟೇ ಹೇಳಿದೆ. ಗುರುಗಳ ಮಾತನ್ನು ಮೀರಿ ನಾನು ಎಂದೂ ಒಂದು ಅಕ್ಷರ ಬರೆಸಿದವನಲ್ಲ. ಸೊಸೆ ಬೇಡಿದ್ದೂ ದೊಡ್ಡದಲ್ಲ. ಈ ಮನೆಯಲ್ಲಿ ಅವಳು ತನಗೆಂದು ಬೇರೆ ಏನನ್ನೂ ಬೇಡಿರಲಿಲ್ಲ.

ಮರುದಿನ ಬೆಳಗ್ಗೆ ಮಿಂದು, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕುಳಿತೆ. ಬಲಗೈ ನೀರೆರೆಯುತ್ತದೆ, ಪತ್ರಿ ಏರಿಸುತ್ತದೆ, ತನ್ನ ಕೆಲಸ ಮುಗಿಸಿ ಕೆಳಗಿಳಿಯುತ್ತದೆ. ಶಿವನು ಕೂತಿರುವುದು ಎಡಗೈಯಲ್ಲಿ. ದೀಕ್ಷೆಯಾದ ದಿನದಿಂದ ನಿತ್ಯವೂ ಮಾಡುತ್ತ ಬಂದ ಈ ಸಂಗತಿಯನ್ನು ನಾನು ಅಂದಿನವರೆಗೆ ಕಣ್ಣಿಟ್ಟು ನೋಡಿಯೇ ಇರಲಿಲ್ಲ. ಪಕ್ಕದಲ್ಲಿ ಮೊಮ್ಮಗಳು ನನ್ನಂತೆಯೇ ಚಕ್ಕಳಮಕ್ಕಳ ಹಾಕಿ, ಎಡ ಅಂಗೈಯಲ್ಲಿ ಒಂದು ಹುಣಸೆಬೀಜವಿಟ್ಟುಕೊಂಡು ಅದನ್ನೇ ದಿಟ್ಟಿಸುತ್ತಿದ್ದಳು.

ಮಗನನ್ನು ಸಮಾಧಿಯಲ್ಲಿ ಕೂರಿಸಿದಾಗ ಅವನ ಎಡ ಅಂಗೈಯಲ್ಲಿ ಲಿಂಗವನ್ನಿಟ್ಟವನು ನಾನೇ. ಬೆರಳುಗಳು ಮಡಚಲಿಲ್ಲ, ಒಂದೊಂದಾಗಿ ನನ್ನ ಕೈಯಿಂದ ಮುಚ್ಚಿದೆ. ಮರಳಿನ ಮೇಲೆ ನಾನು ಹಿಡಿದದ್ದು ಅವನ ಬಲಗೈ. ಮಣ್ಣಿಗೆ ಕೊಡುವಾಗ ಹಿಡಿದದ್ದು ಎಡಗೈ. ಅಂದು ಗುರುಗಳು ಎದುರಿಗಿದ್ದಿದ್ದರೆ ಏನು ಹೇಳುತ್ತಿದ್ದರೋ ತಿಳಿಯದು. ಲಿಂಗವನ್ನು ಕಣ್ಣಿಗೊತ್ತಿಕೊಂಡು ವಸ್ತ್ರದಲ್ಲಿ ಕಟ್ಟಿ ಎದ್ದೆ.

ಮೊಮ್ಮಗಳನ್ನು ಹಲಗೆಯ ಮುಂದೆ ಕೂರಿಸಿ, ಎಂದಿನಂತೆ ಅವಳ ಬಲಕ್ಕೆ ಕೂರದೆ ಎಡಕ್ಕೆ ಸರಿದೆ. ಎಡಗೈಯನ್ನು ಹಿಡಿಯಬೇಕಾದರೆ ನನ್ನ ಎಡಗೈಯನ್ನೇ ಮುಂದಿಡಬೇಕಾಯಿತು. ಆ ಕೈ ಆ ವಯಸ್ಸಿನವರೆಗೆ ಒಂದು ಬಿಂದುವನ್ನೂ ಬರೆದದ್ದಲ್ಲ. ‘ಓಂ’ ಎಳೆಯಹೋದರೆ ಗೆರೆ ಎತ್ತಲೋ ಹೋಯಿತು.

“ಅಜ್ಜಾ, ನಿನಗ ಬರೂದಿಲ್ಲ?” ಎಂದಳು.

“ಈ ಕೈಗೆ ಬರೂದಿಲ್ಲವ್ವಾ. ನೀನೂ ನಾನೂ ಕೂಡಿ ಕಲಿಯೂಣು.”

ನನ್ನ ಹೆಂಡತಿ ನಗಲಿಲ್ಲ. ಮರಳನ್ನು ಮತ್ತೆ ಸಮಮಾಡಿಕೊಟ್ಟಳು. ಎರಡನೆಯದೂ ಸೊಟ್ಟಗಾಯಿತು. ಆಮೇಲೆ ಯಾವಾಗಲೋ ಆ ಪುಟ್ಟ ಬೆರಳೇ ಮುಂದಾಗಿ, ನನ್ನ ಕೈ ಅದರ ಹಿಂದೆ ಹೋಗತೊಡಗಿತು. ಬಂದ ‘ಓಂ’ ಚಂದವಿರಲಿಲ್ಲ, ಓದಲು ಬರುವಂತಿತ್ತು.

ಅಳಿಸಲು ಹೇಳಿದೆ. ಅವಳು ಅಂಗೈಯಿಂದ ಸವರಿ, ಕೊನೆಗೆ ಮರಳಿನ ನಡುವೆ ಕೈಯನ್ನು ಒತ್ತಿಟ್ಟು, ಬನ್ನಿಯ ಎಲೆ ತರಲು ಹೊರಗೆ ಓಡಿದಳು. ಅಲ್ಲಿ ಎಡ ಅಂಗೈಯೊಂದು ಅಚ್ಚಾಗಿ ಉಳಿಯಿತು.

ಸೊಸೆ ಒಳಗಿನಿಂದ ಬಂದು ಹಲಗೆಯ ಮುಂದೆ ಕುಳಿತಳು. ಬಹಳ ಹೊತ್ತು ನೋಡಿದಳು, ಮುಟ್ಟಲಿಲ್ಲ. ನಂತರ ಎರಡೂ ಅಂಚು ಹಿಡಿದು, ಮರಳು ಕದಲದಂತೆ ಎತ್ತಿ, ಒಳಗೆ ದೇವರ ಜಗಲಿಯ ಕೆಳಗೆ ಇಟ್ಟಳು. ಸಂಜೆ ಬನ್ನಿ ಕೊಡಲು ಬಂದವರು, ಈ ವರ್ಷವೂ ಹಲಗೆ ಇಳಿಸಿಲ್ಲವೇ ಎಂದು ಕೇಳಿದರು. ಇಳಿಸಿದ್ದೇವೆ, ನಾಳೆಯಿಂದ ಮಕ್ಕಳನ್ನು ಕಳಿಸಿ, ಇವತ್ತೊಂದು ದಿನ ಅದು ಒಳಗೆ ಇರಲಿ ಎಂದೆ.